ಸಾಯದ ಹೆಂಗಸರನ್ನು ಬರೆದ ಸೌಮ್ಯ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ರಾಮನಗರದ ಈ ಫಿಲೇಚರಿನಲ್ಲಿ, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ, ಆಗಲೇ ನೀರು ಕುದಿಯುತ್ತಿದೆ. ಬೆಂದ ರೇಷ್ಮೆಗೂಡಿನ ಕಮಟು ವಾಸನೆ ಬೀದಿಯ ತಿರುವಿನವರೆಗೂ ಬಂದು ಮೂಗಿಗೆ ಬಡಿಯುತ್ತದೆ. ಸೌಮ್ಯ ತೊಟ್ಟಿಯ ಮುಂದೆ ಕೂತು ಬಿಸಿನೀರಿಗೆ ಬೆರಳು ಹಾಕಿ, ಎಳೆಯ ತುದಿ ಹುಡುಕಿ ರಾಟೆಗೆ ಕೊಡುತ್ತಿದ್ದಾರೆ. ಬೆರಳ ತುದಿಗಳು ಬಿಳಿಚಿ ಸುಕ್ಕುಗಟ್ಟಿವೆ. ಊಟದ ಬಿಡುವಿನಲ್ಲಿ ಮೊಬೈಲಿನ ಮೇಲೆ ಒಂದು ಇಡೀ ಕಾದಂಬರಿಯನ್ನು ಒತ್ತಿದ್ದು ಇದೇ ಬೆರಳುಗಳು. ಅದರ ಎರಡನೇ ಮುದ್ರಣ ಬರುತ್ತದೋ ಇಲ್ಲವೋ ಎಂಬುದು ಇವತ್ತು ತೀರ್ಮಾನವಾಗಬೇಕು.

ಇಂಗ್ಲಿಷರ ದಂಡು ಮೈಸೂರಿನ ಸುಲ್ತಾನನ ವಶದಲ್ಲಿದ್ದ ಸಾವನದುರ್ಗಕ್ಕೆ ಮುತ್ತಿಗೆ ಹಾಕಿದಾಗ ಮಾಗಡಿ ಸೀಮೆಯ ನಾಲ್ವರು ಹೆಂಗಸರು ಹೇಗೆ ಜೀವ ಉಳಿಸಿಕೊಂಡರು ಎಂಬುದೇ ಆ ಕಾದಂಬರಿ. ಅವರು ಬಂಡೆಗಳ ಸಂದಿಯಲ್ಲಿ ಅಡಗುತ್ತಾರೆ. ಬಿತ್ತನೆಗಿಟ್ಟ ರಾಗಿಯನ್ನೇ ತಿನ್ನುತ್ತಾರೆ. ಒಬ್ಬಳು ದಂಡಿನವನ ಕೈಗೆ ಸಿಕ್ಕಿ ಅವನ ಕೂಸನ್ನು ಹೆತ್ತು ಸಾಕುತ್ತಾಳೆ. ಯಾರೂ ಸಾಯುವುದಿಲ್ಲ.

ವಿಮರ್ಶಕರಿಗೆ ಅದೇ ಸರಿಬರಲಿಲ್ಲ. ಒಬ್ಬರು ಪುಸ್ತಕದಲ್ಲಿ ಸುಲ್ತಾನನ ಹೊಗಳಿಕೆ ಹುಡುಕಿದರು, ಇನ್ನೊಬ್ಬರು ತೆಗಳಿಕೆ ಹುಡುಕಿದರು. ಎರಡೂ ಸಿಗದೆ ಇಬ್ಬರೂ ಮುನಿದರು. ಮೂರನೆಯವರು ‘ಕಾರ್ಮಿಕ ಮಹಿಳೆಯ ಮುಗ್ಧ ಪ್ರಯತ್ನ’ ಎಂದು ಬೆನ್ನು ತಟ್ಟಿ ಕೈತೊಳೆದುಕೊಂಡರು. ಆ ನಾಲ್ವರು ಏನು ತಿಂದರು, ಎಲ್ಲಿ ಮಲಗಿದರು ಎಂಬುದರ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ. ಇದೇ ಊರಿನ ಸಂವಾದದಲ್ಲಿ ನಿವೃತ್ತ ಪ್ರಾಧ್ಯಾಪಕ ಚೆಲುವಯ್ಯನವರು ಮೈಕು ಹಿಡಿದು, ಒಬ್ಬಳಾದರೂ ಮಾನಕ್ಕಾಗಿ ದುರ್ಗದಿಂದ ಹಾರಿದ್ದರೆ ಕೃತಿಗೆ ಎತ್ತರ ಬರುತ್ತಿತ್ತು ಎಂದರು. ಸಭೆ ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿದ್ದ ಲೇಖಕಿಗೆ ಶಾಲು ಸಿಕ್ಕಿತು, ಮೈಕು ಸಿಗಲಿಲ್ಲ.

ಪಕ್ಕದ ತೊಟ್ಟಿಯ ಚಿನ್ನಮ್ಮನಿಗೆ ಈ ಸುದ್ದಿ ಮುಟ್ಟಿದಾಗ ಆಕೆ ರಾಟೆಯಿಂದ ಕಣ್ಣೆತ್ತಲಿಲ್ಲ. “ಆ ಮೇಷ್ಟ್ರುನ್ನೇ ಒಂದ್ಸಲ ಹಾರಕ್ಕೇಳವ್ವ. ಎತ್ತರ ಎಷ್ಟೈತೆ ಅಂತ ಗೊತ್ತಾಯ್ತದೆ.”

ಸೌಮ್ಯ ರಾಶಿಯಿಂದ ತೂತು ಬಿದ್ದ ಗೂಡೊಂದನ್ನು ಆರಿಸಿ ಪಕ್ಕಕ್ಕೆ ಎಸೆಯುತ್ತಾರೆ. ಚಿಟ್ಟೆ ಬದುಕಿ, ಕೊರೆದು ಹೊರಬಂದ ಗೂಡು ಅದು. ಅದರಿಂದ ಉದ್ದನೆಯ ಎಳೆ ಬಿಚ್ಚುವುದಿಲ್ಲ. “ಒಳಗಿರೋದು ಸತ್ರೇನೇ ನೂಲು ಚೆಂದ ಇಲ್ಲಿ,” ಎನ್ನುತ್ತಾರೆ. “ಪುಸ್ತಕದಾಗೂ ಹಂಗೇ ಕೇಳ್ತಾರಲ್ಲ.”

ಕಥೆ ಬಂದಿದ್ದು ಗುಡೇಮಾರನಹಳ್ಳಿ ಕಡೆಯ ತವರಿನಿಂದ, ಅಜ್ಜಿ ಕಾವೇರಮ್ಮನ ಬಾಯಿಂದ. ಅವರ ಹೊಲದ ಬದುವಿನಲ್ಲಿ ಕೈಯೆತ್ತಿ ನಿಂತ ಹೆಣ್ಣಿನ ಕಲ್ಲೊಂದಿದೆ. ದಂಡು ಬಂದಾಗ ಬಾವಿಗೆ ಹಾರಿದ ಸೊಸೆ ಅವಳು, ಊರಿಗೆಲ್ಲ ಮಾಸ್ತಮ್ಮ. ಹಬ್ಬಕ್ಕೊಮ್ಮೆ ಅವಳಿಗೆ ಅರಿಶಿನ ಕುಂಕುಮ, ಹೊಸ ಕುಪ್ಪಸದ ಬಟ್ಟೆ. ಹಾರದೆ ಬದುಕಿದ ಇನ್ನೊಬ್ಬ ಸೊಸೆಯನ್ನು ಮನೆಯವರು ದನದ ಕೊಟ್ಟಿಗೆಗೆ ತಳ್ಳಿದರು. ಅವಳು ದಂಡಿನವನ ಕೂಸನ್ನು ಅಲ್ಲೇ ಹೆತ್ತಳು, ಬೆಳೆಸಿದಳು. ಅವಳಿಗೆ ಕಲ್ಲಿಲ್ಲ, ಅವಳ ಹೆಸರು ಕೂಡ ಯಾರಿಗೂ ನೆನಪಿಲ್ಲ.

ಹತ್ತು ಗಂಟೆಯ ಟೀ ಹೊತ್ತಿಗೆ ಪ್ರಕಾಶಕ ನಟರಾಜು ಅವರ ಫೋನು. ಸೌಮ್ಯ ಒದ್ದೆ ಬೆರಳಲ್ಲೇ ಸ್ಪೀಕರ್ ಒತ್ತುತ್ತಾರೆ. ವಿಮರ್ಶಕರ ಮಾತಿಗೂ ಬೆಲೆ ಕೊಡಬೇಕು, ಹೊಸ ಮುದ್ರಣಕ್ಕೆ ಒಂದೇ ಒಂದು ಅಧ್ಯಾಯ ಸೇರಿಸಿಕೊಡಿ ಎಂದು ಅವರು ಮತ್ತೆ ಒತ್ತಾಯಿಸುತ್ತಾರೆ.

“ಆ ಕೂಸು ಹೆತ್ತೋಳು ಹಾರ್ಲಿ ಮೇಡಂ. ಓದೋರು ಅತ್ತುಬುಡ್ತಾರೆ.”

“ಸಾರ್, ಅವ್ಳು ನಮ್ಮ ವಂಶದೋಳು. ಆ ಕೂಸಿನ ಪೀಳಿಗೆನೇ ನಾವು. ಅವ್ಳು ಹಾರಿದ್ರೆ ಇದ್ನ ಬರ್ಯಕ್ಕೆ ನಾನೆಲ್ಲಿರ್ತಿದ್ದೆ?”

ಹಾಗಾದರೆ ಮರುಮುದ್ರಣದ ಆಸೆ ಬಿಡಿ ಎನ್ನುತ್ತಾರೆ ನಟರಾಜು. ಬಿಟ್ಟೆ ಎನ್ನುತ್ತಾರೆ ಸೌಮ್ಯ. ಫೋನು ಸೆರಗಿನ ಮರೆಗೆ ಹೋಗುತ್ತದೆ, ಬೆರಳುಗಳು ಮತ್ತೆ ನೀರಿಗಿಳಿಯುತ್ತವೆ. ಅರ್ಧ ಕುಡಿದ ಟೀ ಅಲ್ಲೇ ಆರುತ್ತದೆ.

ಮರುಮುದ್ರಣವೂ ಬೇಡವಾದರೆ ಇನ್ನೇನು ಬೇಕು ಎಂದು ಕೇಳಿದರೆ ಅವರು ತುಂಡಾದ ಎಳೆಗೆ ಹೊಸ ಎಳೆ ಕೊಟ್ಟು, ರಾಟೆ ತಿರುಗಿದ್ದನ್ನು ನೋಡಿಕೊಂಡು ಹೇಳುತ್ತಾರೆ:

“ಆ ಕಲ್ಲಿಗೆ ಕುಂಕುಮ ಇಡೋರು ಪಕ್ಕದ ಬರೀ ನೆಲಕ್ಕೂ ಒಸಿ ಇಟ್ರೆ ಸಾಕು. ನಾನಂತೂ ಇಡ್ತೀನಿ.”