ಬಸಪ್ಪನ ಬಿಳಿ ಮೀಸೆ

ಕೊರ್ತಾಲಿಮ್‌ನ ಸೇತುವೆಯ ಕೆಳಗೆ ಚಹಾದಂಗಡಿ ಇಟ್ಟಿರುವ ವಿಜಯಪುರದ ಶಾಂತವ್ವ, ನನ್ನ ಮರದ ದೊಡ್ಡ ಕ್ಯಾಮೆರಾ ಕಂಡು ಗಂಡನದೊಂದು ಫೋಟೋ ಬೇಕೆಂದಳು. ಮೂವತ್ತೂ ದಾಟದ ಬಸಪ್ಪ ಕಲ್ಲು ಒಡೆಯುವಲ್ಲಿ ದೂಳು ಕುಡಿದು ಕುಡಿದು ಎದೆ ಕೆಡಿಸಿಕೊಂಡವನು. ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ. ಫಿಲ್ಮಿನ ಬದಲು ನಾನು ಹಾಕುವ ಕಾಗದಕ್ಕೆ ಎಷ್ಟು ಬೆಳಕಿದ್ದರೂ ಸಾಲದು. ಎದುರಿಗಿರುವವರು ಅಲುಗದೆ ಕೂರಬೇಕು.

"ಸ್ವಲ್ಪ ಉಸಿರು ಹಿಡೀರಿ."

"ಅದೊಂದು ಬಿಟ್ಟು ಬ್ಯಾರೆ ಏನರ ಹೇಳ್ರಿ ಸರ," ಎಂದು ನಕ್ಕು, ಕೆಮ್ಮಿದ. ಆಮೇಲೆ ಹೇಗೋ ಅಲುಗದೆ ಕುಳಿತ.

ಕಾರಿಗೆ ಕಟ್ಟಿದ ಕಪ್ಪು ಡೇರೆಯೊಳಗೆ ಕಾಗದವನ್ನು ತೊಳೆದು ಹೊರಗೆ ತಂದೆ. ಅದರ ಮೇಲೆ ಮೊದಲು ಮೂಡುವುದು ನೆಗೆಟಿವ್, ಎಲ್ಲವೂ ತಿರುಗುಮುರುಗು: ಬಿಳಿ ಅಂಗಿ ಕಪ್ಪು, ಕರಿ ಕೂದಲೂ ಮೀಸೆಯೂ ಅಚ್ಚ ಬಿಳಿ. ಶಾಂತವ್ವ ಅದನ್ನು ಹಿಡಿದು ನಿಂತೇ ಇದ್ದಳು.

"ಅದನ್ನ ಕೊಡಿ, ಅದರಿಂದಲೇ ಸರಿಯಾದ ಫೋಟೋ ಆಗಬೇಕು," ಎಂದೆ.

ಕೊಡಲಿಲ್ಲ. ಗಂಡನಿಗೆ ಕೇಳಿಸದಂತೆ ಹೇಳಿದಳು: "ಇವರಿಗೆ ಭಾಳ ದಿನ ಇಲ್ಲಂತ ಡಾಕ್ಟರ್ ಹೇಳ್ಯಾರ್ರಿ. ಮುದುಕ ಆಗಿದ್ರ ಹೆಂಗ ಕಾಣ್ತಿದ್ರೋ, ಇದರಾಗ ನೋಡಿದಂಗಾತು. ಇದ ಇರಲ್ರಿ ನನಗ."