ಗೋಡೆ ಪಕ್ಕದ ಬೋರು

ನಮ್ಮ ನೀರಿನ ಕಂಪನಿ ಶುರುವಾಗಿದ್ದು ಒಂದು ಹಳೇ ಟ್ರಾಕ್ಟರು, ಅದರ ಹಿಂದೊಂದು ತುಕ್ಕು ಹಿಡಿದ ಟ್ಯಾಂಕು ಮತ್ತು ಅಪ್ಪನ ಹುಂಬತನದಿಂದ. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ತಪಾಸಣೆ ಮಾಡುವ ಕೆಲಸದಲ್ಲಿದ್ದವನು. ಲೇತ್ ಯಂತ್ರದಿಂದ ಬಂದ ತುಂಡು ಕೂದಲೆಳೆಯಷ್ಟು ಹೆಚ್ಚು ದಪ್ಪಗಿದ್ದರೂ ವಾಪಸ್ ಕಳಿಸುವ ಮನುಷ್ಯ. ಅಂಥವನು ಸ್ವಯಂ ನಿವೃತ್ತಿ ತಗೊಂಡು, ರಾಜಗೋಪಾಲನಗರದ ನಮ್ಮ ಮನೆ ಪಕ್ಕದ ಖಾಲಿ ಜಾಗದಲ್ಲಿ ಬೋರು ಕೊರೆಸಿ, ಗೇಟಿಗೆ ವಾಟರ್ ಸಪ್ಲೈಯರ್ಸ್ ಅಂತ ಬೋರ್ಡು ತಗುಲಿಸಿಬಿಟ್ಟ. ಅಮ್ಮ ಹಣೆ ಚಚ್ಚಿಕೊಂಡಳು.

"ಬಾಯಾರಿ ಬಂದೋರಿಗೆ ನೀರಿನ ಜೊತೆ ಬೆಲ್ಲಾನೂ ಕೊಡ್ತಿದ್ರು ನಮ್ಮ ತಾತ. ನೀವು ನೀರು ಮಾರೋಕೆ ಹೊರಟ್ರಲ್ರೀ!"

"ಈಗ ಬಾಯಾರಿರೋದು ಮನುಷ್ಯರಲ್ಲ ಕಣೇ, ಅಪಾರ್ಟ್‌ಮೆಂಟು" ಅಂದ ಅಪ್ಪ.

ಅದೇನೋ ನಿಜವೇ ಆಯಿತು. ಪೀಣ್ಯದ ಕಾರ್ಖಾನೆಗಳು, ತುಮಕೂರು ರಸ್ತೆಯ ಗೋದಾಮುಗಳು, ಮಾದನಾಯಕನಹಳ್ಳಿ ಕಡೆ ಏಳುತ್ತಿದ್ದ ಅಪಾರ್ಟ್‌ಮೆಂಟುಗಳು ಎಲ್ಲರಿಗೂ ನಾವೇ ಬೇಕಾದೆವು. ಟ್ರಾಕ್ಟರು ಹೋಗಿ ಲಾರಿ ಬಂತು, ಆಮೇಲೆ ಇನ್ನೊಂದು ಲಾರಿ. ಫೋನು ಎತ್ತುವ ಕರ್ಮ ನನ್ನ ಪಾಲಿಗೆ ಬಂತು. "ಮೇಡಂ, ಟ್ಯಾಂಕರ್ ಎಲ್ಲಿದೆ? ತಲೆಗೆ ಶಾಂಪೂ ಹಾಕ್ಕೊಂಡು ನಿಂತಿದ್ದೀನಿ!" ಅಂತ ಯಾರೋ ಕಿರುಚುವುದು, ಲಾರಿ ನಮ್ಮ ಗೇಟಿನ ಮುಂದೆಯೇ ಇದ್ದರೂ ನಾನು "ದಾರೀಲಿದೆ ಸಾರ್" ಅನ್ನುವುದು. ಈ ಧಂದೆಯಲ್ಲಿ ಅದು ಸುಳ್ಳಲ್ಲ, ಅದು ಸಂಪ್ರದಾಯ.

ಪಕ್ಕದ ಮನೆಯಲ್ಲಿ ದೊಡ್ಡಮ್ಮ ಇದ್ದಳು. ರಕ್ತಸಂಬಂಧವಲ್ಲ, ಕರೆದು ಕರೆದು ಆದ ದೊಡ್ಡಮ್ಮ. ಪೀಣ್ಯ ಇನ್ನೂ ರಾಗಿಹೊಲವಾಗಿದ್ದಾಗಿನಿಂದ ಅಲ್ಲಿದ್ದವಳು, ಗಂಡ ತೀರಿಹೋಗಿದ್ದ. ಮನೆ ಹಿಂದೆ ಸಾಲು ಕೋಣೆಗಳ ವಠಾರ ಕಟ್ಟಿಸಿ ಗಾರ್ಮೆಂಟ್ಸ್ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟಿದ್ದಳು. ಆ ಬಾಡಿಗೆಯೇ ಅವಳ ಊಟ, ಔಷಧಿ, ಹಬ್ಬ ಎಲ್ಲ. ಅವಳಿಗೊಂದು ಹಳೆಯ ಬೋರಿತ್ತು, ಹೆಚ್ಚು ಆಳದ್ದಲ್ಲ; ಅದರ ನೀರು ಅಂಗಳದಡಿಯ ಸಂಪು ತೊಟ್ಟಿಗೆ ಬೀಳುತ್ತಿತ್ತು. ನಾವು ಮನೆ ಕಟ್ಟುವಾಗ ಗೋಡೆಗೆ ಹೊಡೆಯಲು ಇಡೀ ಬೀದಿಯಲ್ಲಿ ನೀರು ಕೊಟ್ಟವಳು ಅವಳೊಬ್ಬಳೇ. ಅಪ್ಪನನ್ನು ಸ್ವಂತ ತಮ್ಮನ ಹಾಗೆ ಬೈಯುತ್ತಿದ್ದಳು. ಅಪ್ಪನೂ ಹಲ್ಲು ಕಿಸಿದುಕೊಂಡು ಬೈಸಿಕೊಳ್ಳುತ್ತಿದ್ದ.

ಒಂದು ಬೇಸಿಗೆಯಲ್ಲಿ ನಮ್ಮ ಬೋರು ಸೊರಗಿತು. ಅಪ್ಪ ಇನ್ನೊಂದು ಕೊರೆಸಲು ಹೊರಟು, ನೀರು ನೋಡುವವನನ್ನು ಕರೆಸಿದ. ಅವನು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಮ್ಮ ಜಾಗವೆಲ್ಲ ಸುತ್ತಿದ. ದೊಡ್ಡಮ್ಮನ ಕಾಂಪೌಂಡಿಗೆ ಅಂಟಿದಂತಿದ್ದ ಮೂಲೆಗೆ ಬರುತ್ತಲೇ ಕಾಯಿ ಎದ್ದು ನೆಟ್ಟಗೆ ನಿಂತಿತು. ಕೂದಲೆಳೆ ಅಳೆಯುತ್ತಿದ್ದ ನಮ್ಮಪ್ಪ, ಗೋಡೆಯಾಚೆ ಇನ್ನೊಂದು ಬೋರಿದೆ ಅನ್ನುವುದನ್ನು ಅಳೆಯಲಿಲ್ಲ. ಕೈ ಮುಗಿದು, ಅಲ್ಲಿಯೇ ಸುಣ್ಣದ ಗುರುತು ಹಾಕಿಸಿದ.

ಬೋರಿನ ಲಾರಿ ಬೀದಿಗೆಲ್ಲ ಬೂದಿ ಬಣ್ಣದ ಧೂಳು ಎರಚಿತು, ಕೊನೆಗೆ ನೀರು ಚಿಮ್ಮಿತು. ಗಂಗೆಪೂಜೆಗೆ ಅಮ್ಮ ದೊಡ್ಡಮ್ಮನನ್ನು ಕರೆದಳು. ನಮ್ಮತ್ತೆಯೊಬ್ಬಳು ಮೂತಿ ತಿರುವಿ, "ಗಂಡ ಇಲ್ಲದೋಳ ಕೈಲಿ ಪೂಜೆನಾ?" ಅಂತ ಗೊಣಗಿದಳು. ಅಮ್ಮ ಬಿಡುತ್ತಾಳೆಯೇ? "ಈ ಮನೆ ಗೋಡೆ ನಿಂತಿರೋದೇ ಅಕ್ಕನ ನೀರಲ್ಲಿ. ನೀನು ಸುಮ್ನೆ ಕೂತ್ಕೋ" ಅಂದಳು. ದೊಡ್ಡಮ್ಮ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಕೊಡ ತುಂಬಿ ಅಮ್ಮನ ಸೊಂಟಕ್ಕೆ ಕೊಟ್ಟಳು. ಅವಳ ಕಣ್ಣು ತುಂಬಿತ್ತು.

ಆ ತಿಂಗಳು ಕಳೆಯುವುದರೊಳಗೆ ದೊಡ್ಡಮ್ಮ ಗೋಡೆಯ ಮೇಲಿಂದ ಇಣುಕಿದಳು. "ತಮ್ಮಾ, ಯಾಕೋ ಮೋಟ್ರು ಬರೀ ಗಾಳಿ ಎಳೀತೈತೆ ಕಣ್ಲಾ. ಒಸಿ ನೋಡ್ಬಾ."

ಮೋಟರು ಕೆಟ್ಟಿರಬೇಕು ಅಂತ ಅಪ್ಪ ನಮ್ಮ ಮೆಕ್ಯಾನಿಕ್ಕನ್ನೇ ಕಳಿಸಿದ. ಅವನು ಪೈಪೆಲ್ಲ ಮೇಲಕ್ಕೆಳೆದು ನೋಡಿ, "ಅಣ್ಣ, ಮೋಟರ್ ಚೆನ್ನಾಗೈತೆ. ನೀರೇ ಇಲ್ಲ" ಅಂದವನು, ಮೆಲ್ಲಗೆ ನಮ್ಮ ಮೂಲೆಯ ಕಡೆ ನೋಡಿದ. ಎಲ್ಲರೂ ಆ ಕಡೆಗೇ ನೋಡಿದೆವು. ತೆಂಗಿನಕಾಯಿ ಸುಳ್ಳು ಹೇಳಿರಲಿಲ್ಲ. ಅಲ್ಲಿ ನೀರಿತ್ತು. ದೊಡ್ಡಮ್ಮನ ನೀರು.

ಅವಳು ಖಾಲಿ ಕೊಡ ಎತ್ತಿಕೊಂಡು ಒಳಗೆ ಹೊರಟಳು. ಅಪ್ಪ ತಡವರಿಸುತ್ತಾ, "ಚಿಂತೆ ಮಾಡ್ಬೇಡಕ್ಕ, ಬೆಳಿಗ್ಗೆ ಬೆಳಿಗ್ಗೆ ನಮ್ಮ ಬೋರಿಂದ ನಿನ್ನ ಸಂಪಿಗೆ ಪೈಪ್ ಹಾಕ್ತೀನಿ, ಪುಕ್ಕಟೆ" ಅಂದ. ಆ ಪುಕ್ಕಟೆ ಅನ್ನುವ ಮಾತು ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅವಳದನ್ನೇ ಅವಳಿಗೆ ಕೊಡುವುದಕ್ಕೆ ಪುಕ್ಕಟೆಯಂತೆ!

ಸ್ವಲ್ಪ ದಿನ ಹಾಗೆಯೇ ನಡೆಯಿತು. ಬಿಸಿಲು ಏರಿದಂತೆ ಫೋನುಗಳೂ ಏರಿದವು. ಬೆಳಿಗ್ಗೆಯೇ ಲಾರಿ ಹೊರಡದಿದ್ದರೆ ಅಪಾರ್ಟ್‌ಮೆಂಟಿನವರು ಬೇರೆ ಕಂಪನಿಗೆ ಹೋಗುತ್ತಾರೆಂದು ಅಪ್ಪನಿಗೆ ದಿಗಿಲು. ಮೊದಲು ಲಾರಿ, ಆಮೇಲೆ ದೊಡ್ಡಮ್ಮನ ಪೈಪು ಅಂತಾಯಿತು. ಅಷ್ಟರಲ್ಲಿ ವಠಾರದ ಹುಡುಗಿಯರು ಮುಖ ಸಹ ತೊಳೆಯದೆ ಕೆಲಸಕ್ಕೆ ಓಡುತ್ತಿದ್ದರು. ನಲ್ಲಿಯ ಹತ್ತಿರ ಕೊಡಕ್ಕೆ ಕೊಡ ಬಡಿದುಕೊಂಡು ಜಗಳ. ಎರಡು ಕೋಣೆ ಖಾಲಿಯಾದವು, ಆಮೇಲೆ ಮತ್ತೊಂದು. ನೀರಿಲ್ಲದ ವಠಾರಕ್ಕೆ ಯಾರು ಬಂದಾರು? ದೊಡ್ಡಮ್ಮ ಜಗಲಿಯ ಮೇಲೆ ಕೂತು ಖಾಲಿ ಬಾಗಿಲುಗಳನ್ನು ನೋಡುತ್ತಿದ್ದಳು. ಗೋಡೆಯ ಮೇಲಿಂದ ಇಣುಕುವುದನ್ನು ಬಿಟ್ಟಳು.

ಅಮ್ಮ ಒಂದು ಬೆಳಿಗ್ಗೆ ಮೋಟರಿನ ಸ್ಟಾರ್ಟರ್ ಡಬ್ಬಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು. "ಅಕ್ಕನ ಸಂಪು ತುಂಬೋವರೆಗೂ ನಿಮ್ಮ ಲಾರಿಗೆ ಒಂದು ಹನಿ ಇಲ್ಲ." ಅಪ್ಪ ಕೂಗಾಡಿದ, ಅಮ್ಮ ಕದಲಲಿಲ್ಲ. ಫೋನು ಬಡಿದುಕೊಳ್ಳುತ್ತಲೇ ಇತ್ತು, ನಾನು ಎತ್ತಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ಹಾರನ್ ಕೇಳಿ ಗೇಟಿಗೆ ಬಂದೆ. ನಮ್ಮದಲ್ಲದ ಟ್ಯಾಂಕರ್ ಲಾರಿಯೊಂದು ದೊಡ್ಡಮ್ಮನ ಬಾಗಿಲಿಗೆ ಬಂದು ನಿಂತಿತ್ತು. ಡ್ರೈವರು ಪೈಪು ಎಳೆಯುತ್ತಾ ನಮ್ಮ ಬೋರ್ಡು ಓದಿ, ನನ್ನನ್ನು ನೋಡಿ ನಕ್ಕ. "ಏನಕ್ಕ, ಪಕ್ಕದಲ್ಲೇ ನೀರಿನ ಕಂಪನಿ ಇಟ್ಕೊಂಡು ನಮ್ಮನ್ಯಾಕೆ ಕರೆಸಿದ್ರು ಅಜ್ಜಿ?"

ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಹೊರಗೋಡಿದ. "ಅಕ್ಕಾ, ಇದೇನಿದು? ಬೀದಿಯಲ್ಲಿ ನನ್ನ ಮರ್ಯಾದೆ ಏನಾಗ್ಬೇಕು? ವಾಪಸ್ ಕಳಿಸು. ಈಗ್ಲೇ ನಮ್ಮ ಲೋಡೇ ಹಾಕಿಸ್ತೀನಿ, ನೀನೇನೂ ಕೊಡ್ಬೇಡ."

ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. ದನಿ ಏರಿಸಲಿಲ್ಲ. "ಬ್ಯಾಡ ಕಣಪ್ಪ. ಇವ್ನಿಗೆ ದುಡ್ಡು ಕೊಡ್ತೀನಿ. ತಡ ಮಾಡಿದ್ರೆ ಜಗ್ಳ ಆಡ್ತೀನಿ, ನೀರು ಕೆಸರಾದ್ರೆ ಮುಖಕ್ಕೆ ಉಗೀತೀನಿ. ನಿನ್ತಾವ ಪುಕ್ಕಟೆ ಈಸ್ಕೊಂಡು ಬಾಯ್ ಮುಚ್ಕೊಂಡು ಕೂತು ಕೂತು, ಒಳಗೊಳಗೇ ಬೆಂದೋದೆ."

ಅಪ್ಪನ ಮುಖ ಬಿಳಿಚಿಕೊಂಡಿತು. ಲಾರಿಯ ನೀರು ಸಂಪಿಗೆ ಧೋ ಅಂತ ಬೀಳುತ್ತಿತ್ತು. ಅಮ್ಮ ಗೇಟಿನ ಹತ್ತಿರ ಬಂದು ನಿಂತಿದ್ದಳು.

"ಹಂಗಾದ್ರೆ ನನ್ನೂ ಬೈಯಕ್ಕ" ಅಂದ ಅಪ್ಪ. ಅವನ ದನಿ ಒಡೆದಿತ್ತು. "ಉಗಿ ಬೇಕಾದ್ರೆ. ಇಲ್ಲೇ, ಎಲ್ಲರ ಮುಂದೇನೇ ಉಗಿ."

ದೊಡ್ಡಮ್ಮ ಬೈಯಲಿಲ್ಲ; ಸಂಪಿನ ಮುಚ್ಚಳ ಎಳೆದು ಮುಚ್ಚಿದಳು. ಡ್ರೈವರು ಪೈಪು ಸುತ್ತಿಟ್ಟು ಲಾರಿ ಹತ್ತಿ ರಿವರ್ಸ್ ಹಾಕಿದ್ದ.

"ಲಾರಿ ಇಂದಕ್ಕೆ ಬತ್ತೈತೆ," ಅಂದಳು, "ಪಕ್ಕಕ್ಕೆ ನಿಂತ್ಕೊ."