ಸೋಫಾ ಎತ್ತಲಾಗದ ರಗ್ಬಿ ಆಟಗಾರ

ಪಕ್ಕದ ಫ್ಲಾಟಿನಲ್ಲಿ ಆರಡಿ ಮೀರಿದ, ಮುರಿದ ಮೂಗಿನ ಆಸ್ಟ್ರೇಲಿಯನ್ ರಗ್ಬಿ ಆಟಗಾರನಿದ್ದರೆ, ಸೋಫಾ ಹೊರಲು ನೀವು ಬೇರೆ ಯಾರನ್ನು ಕರೆಯುತ್ತೀರಿ?

ನಾನೂ ಅವನನ್ನೇ ಕರೆದೆ. ಹೆಸರು ಡೀನ್. ಕಳೆದ ಭಾನುವಾರ ಬೆಳಗ್ಗೆ ಡೆಲಿವರಿಯವರು ನಮ್ಮ ಹೊಸ ಸೋಫಾವನ್ನು ಲಂಡನ್ನಿನ ಗ್ರೀನ್‌ಫರ್ಡಿನ ಈ ಕಟ್ಟಡದ ಬಾಗಿಲಲ್ಲೇ ಇಳಿಸಿ ಹೋಗಿದ್ದರು. ಲಿಫ್ಟ್ ಕೆಟ್ಟಿತ್ತು. ಡಾಕ್ಟರ್ ಗಂಡ ಡ್ಯೂಟಿಯಲ್ಲಿ. (ಮನೆಯಲ್ಲಿ ಭಾರದ ಕೆಲಸವಿದ್ದ ದಿನವೇ ಆಸ್ಪತ್ರೆಗೆ ಇವರು ಬೇಕಾಗುತ್ತಾರೆ!)

ಡೀನ್ ಬಾಗಿಲು ತೆರೆದು, ವಿಷಯ ಕೇಳಿ ಕೆಂಪಾದ. "ಸಾರಿ, ಬಲ ಭುಜ ಸರಿಯಿಲ್ಲ. ಕೆಟಲ್ ಕೂಡ ಎಡಗೈಯಲ್ಲೇ ಎತ್ತೋದು" ಎಂದ.

ಸರಿ, ನಾನೂ ಧಾರವಾಡದಿಂದ ಬಂದಿದ್ದ ಅತ್ತೆಯೂ ಸೇರಿ ಮೊದಲ ಮಹಡಿಗೆ ಸೋಫಾ ಹೊತ್ತೆವು. ಡೀನ್ ಟ್ರಾಫಿಕ್ ಪೊಲೀಸನಂತೆ ಮುಂದೆ ನಿಂತು "ಲೆಫ್ಟ್, ಲೆಫ್ಟ್" ಎನ್ನುತ್ತಿದ್ದ.

"ಇಷ್ಟ್ ದೊಡ್ಡ ಆಳು, ಬರೇ ಕೈ ತೋರಸ್ಲಿಕ್ಕೆ ಬಂದಾನೇನು?" ಎಂದರು ಅತ್ತೆ. ಪುಣ್ಯಕ್ಕೆ ಅವನಿಗೆ ಕನ್ನಡ ಬಾರದು.

ಆದರೂ ಚಹಾಕ್ಕೆ ಕೂರಿಸಿದೆವು. ಅವನ ಕಥೆ ಬಿಚ್ಚಿಕೊಂಡಿತು. ಕ್ವೀನ್ಸ್‌ಲ್ಯಾಂಡಿನ ಕಬ್ಬು ಬೆಳೆಯುವ ಊರು. ಹದಿನೆಂಟಕ್ಕೇ ಸಿಡ್ನಿಯ ದೊಡ್ಡ ಕ್ಲಬ್. ನಾಲ್ಕು ವರ್ಷ ಮೆರೆದ, ಆಮೇಲೆ ಬೆಂಚು ಕಾದ. ಅಲ್ಲಿಂದ ಇಂಗ್ಲೆಂಡಿನ ಉತ್ತರಕ್ಕೆ, ಕೊನೆಗೆ ಲಂಡನ್ನಿಗೆ. (ಇಲ್ಲಿ ಇವನಾಡುವ 'ರಗ್ಬಿ ಲೀಗ್' ಬಗೆಯ ಆಟ ನೋಡಲು ಬರುವವರಿಗಿಂತ ನಮ್ಮ ಗಣಪತಿ ಹಬ್ಬಕ್ಕೆ ಬರುವವರೇ ಜಾಸ್ತಿ ಅನ್ನಿಸುತ್ತದೆ.)

"ಚೆಂಡು ಹಿಡಕೊಂಡು ಕಬಡ್ಡಿ ಆಡಿದಂಗ" ಎಂದು ಅತ್ತೆ ಆಟವನ್ನು ಒಂದೇ ಮಾತಲ್ಲಿ ಅರ್ಥ ಮಾಡಿಕೊಂಡರು.

ಭುಜಕ್ಕೆ ಮೂರನೇ ಆಪರೇಷನ್ ಆಗಿದೆ. ಇನ್ನು ಆಡುವಂತಿಲ್ಲವೆಂದು ಸರ್ಜನ್ ಹೇಳಿ ತಿಂಗಳಾಗಿದೆ. ಮೂವತ್ತೆರಡಕ್ಕೇ ಕರಿಯರ್ ಮುಗಿದಿದೆ.

"ಮನೆಯಲ್ಲಿ ಏನಂದರು?" ಎಂದೆ.

ಅವನು ಕಪ್ಪನ್ನೇ ನೋಡಿದ. "ಅಮ್ಮನಿಗೆ ಹೇಳಿಲ್ಲ. ಪ್ರತಿ ಭಾನುವಾರ ಫೋನ್ ಮಾಡಿ, ಚೆನ್ನಾಗಿ ಆಡಿದೆ ಅಂತೀನಿ. ಚಿಕ್ಕವನಿದ್ದಾಗ ಪ್ರಾಕ್ಟೀಸಿಗೆ ಗಂಟೆಗಟ್ಟಲೆ ಕಾರು ಓಡಿಸಿ ಕರೆದುಕೊಂಡು ಹೋಗ್ತಿದ್ದಳು. ಅವಳ ಕನಸು ಇದು. ಹೇಗೆ ಹೇಳಲಿ?"

ನಾನು ಕನ್ನಡದಲ್ಲಿ ತಿಳಿಸಿದ್ದೇ ತಡ, ಅತ್ತೆ ಎದ್ದರು. "ಸುಳ್ಳು ಯಾಕ ಹೇಳ್ತಿ? ಅವ್ವಗ ಈಗ ಫೋನ್ ಹಚ್ಚು!"

ಅನುವಾದ ಬೇಕಾಗಲಿಲ್ಲ. ಅತ್ತೆಯ ಬೆರಳು ಅವನ ಮೊಬೈಲನ್ನೇ ತೋರಿಸುತ್ತಿತ್ತು.

ಅಲ್ಲಿ ಆಗ ಸಂಜೆ. ಡೀನ್ ಸ್ಪೀಕರ್ ಹಾಕಿ, ತಡವರಿಸುತ್ತ ಎಲ್ಲ ಹೇಳಿದ. ಆ ಕಡೆಯಿಂದ ಅಳು ಕೇಳಿಸಿತು. ಕೆದಕಬಾರದ್ದನ್ನು ಕೆದಕಿಬಿಟ್ಟೆವಾ?

ಆಮೇಲೆ ಆ ತಾಯಿ ಅಳುತ್ತಲೇ ನಕ್ಕರು. "ಸದ್ಯ, ಮುಗೀತಲ್ಲ! ನಿನಗೆ ಇಷ್ಟ ಅಂತ ಕಾರು ಓಡಿಸಿದೆ, ಮಗನೇ. ಹೆದರಿಕೆಗೆ ನಿನ್ನ ಒಂದು ಮ್ಯಾಚನ್ನೂ ನಾನು ಕಣ್ಣು ಬಿಟ್ಟು ನೋಡಿಲ್ಲ. ಮನೆಗೆ ಯಾವಾಗ ಬರ್ತೀಯ?"

ಡೀನ್ ಎಡಗೈಯಿಂದ ಮುಖ ಮುಚ್ಚಿಕೊಂಡ. ಅತ್ತೆ ಅವನ ತಟ್ಟೆಗೆ ಇನ್ನಷ್ಟು ಅವಲಕ್ಕಿ ಚೂಡಾ ಸುರಿದರು.

ಮನೆಯವರಿಗೆ ನೋವಾದೀತೆಂದು ನಾವೆಲ್ಲ ಮುಚ್ಚಿಟ್ಟ ಸುದ್ದಿಗಳಲ್ಲಿ, ಅವರು ಕೇಳಲು ಕಾದು ಕೂತಿರುವವು ಎಷ್ಟಿರಬಹುದು?